ಸೋತ ಸೇನಾನಿಯ ಉತ್ತರಾರ್ಧ

(ಚಿಕ್ಕಬಾಣಾವರದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಗೆದ್ದವರ ಚರಿತ್ರೆಯನ್ನು ನಾವು ಮಕ್ಕಳಿಗೆ ಉತ್ಸಾಹದಿಂದ ಹೇಳುತ್ತೇವೆ. ಸೋತ ಬಳಿಕವೂ ಬದುಕಬೇಕಾಗಿ ಬಂದವರ ಕಥೆ ಮಾತ್ರ ನಮಗೆ ಬೇಡ. ಆದುದರಿಂದಲೇ ನಮ್ಮ ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ತೀರಿಕೊಂಡ ಮೇಜರ್ ಜನರಲ್ ಸೈಯದ್ ಅಹ್ಮದ್ ಅಲ್ ಇದ್ರೂಸ್‌ರ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಅಪರಿಚಿತ.

ಅವರು ಹೈದರಾಬಾದ್ ಸಂಸ್ಥಾನದ ಕೊನೆಯ ದಂಡನಾಯಕರು. ಬೀದರ್, ಕಲಬುರಗಿ, ರಾಯಚೂರು ಆಗ ಆ ಸಂಸ್ಥಾನದಲ್ಲಿದ್ದವು. 1948ರ ವೇಳೆಗೆ ಅಲ್ಲಿ ಒಂದೆಡೆ ಕಾಸಿಮ್ ರಝ್ವಿಯವರ ರಝಾಕಾರರ ದಬ್ಬಾಳಿಕೆ, ಇನ್ನೊಂದೆಡೆ ತೆಲಂಗಾಣದ ರೈತರ ಸಶಸ್ತ್ರ ಬಂಡಾಯ. ಸಂಸ್ಥಾನ ಒಳಗಿನಿಂದಲೇ ಹೊತ್ತಿ ಉರಿಯುತ್ತಿತ್ತು. ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಪ್ರವೇಶಿಸಿತು. 17ರಂದು ನಿಝಾಮರು ಕದನವಿರಾಮ ಸಾರಿದರು. ಮರುದಿನ ಇದ್ರೂಸ್ ಅವರು ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾದರು.

ಅನಂತರ ನಡೆದುದೇನು? ಪ್ರಧಾನಿ ಮೀರ್ ಲಾಯಕ್ ಅಲಿ 1950ರಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದರು. ರಝ್ವಿಯವರು 1957ರಲ್ಲಿ ಸೆರೆಯಿಂದ ಬಿಡುಗಡೆಯಾಗಿ ಅಲ್ಲಿಗೇ ಹೋದರು. ನಿಝಾಮರು ರಾಜಪ್ರಮುಖರಾದರು. ಸೇನೆಯೂ ಸಂಸ್ಥಾನವೂ ಇಲ್ಲವಾದ ಮೇಲೆ ಇದ್ರೂಸ್ ಈ ದೇಶದಲ್ಲಿಯೇ ಉಳಿದರು. ಸೇನೆ ಸಾಕಷ್ಟು ಹೋರಾಡಲಿಲ್ಲವೆಂಬ ದೂಷಣೆಯೂ ಅವರ ಪಾಲಿಗೇ ಬಂತು. ಅವರು ತೀರಿಕೊಂಡ ವರ್ಷವೇ ಚೌಧುರಿಯವರು ಭಾರತದ ಭೂಸೇನೆಯ ಮುಖ್ಯಸ್ಥರಾದರು. ಇದ್ರೂಸರ ಆತ್ಮಕಥನ ಅಚ್ಚಾದದ್ದು 1994ರಲ್ಲಿ, ಅವರು ಗತಿಸಿ 32 ವರ್ಷಗಳ ಬಳಿಕ!

ಆದರೆ ನಿಜವಾದ ಬೆಲೆ ತೆತ್ತವರು ಯಾರು? ನೆಹರೂ ಕಳುಹಿಸಿದ ಸುಂದರಲಾಲ್ ಸಮಿತಿಯ ಅಂದಾಜಿನಂತೆ, ಕಾರ್ಯಾಚರಣೆಯ ವೇಳೆ ಮತ್ತು ಅನಂತರ 27 ಸಾವಿರದಿಂದ 40 ಸಾವಿರ ಮಂದಿ ಹತರಾದರು. ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಬೀದರ್ ಮತ್ತು ಕಲಬುರಗಿಯೂ ಇದ್ದವು. ಆ ವರದಿ ಸಾರ್ವಜನಿಕರಿಗೆ ದೊರೆತದ್ದು 2013ರಲ್ಲಿ. ರಝಾಕಾರರ ಕೃತ್ಯಗಳಿಗೆ ನಿರಪರಾಧಿ ಹಳ್ಳಿಗರು ದಂಡ ತೆತ್ತರು.

ವೇದಿಕೆಯಲ್ಲಿ ಗರ್ಜಿಸುವುದು ಸುಲಭ. ಗರ್ಜಿಸಿದವರಿಗೆ ಹೋಗಲು ಇನ್ನೊಂದು ನೆಲ ಸಿಕ್ಕಿತು. ಬೀದರಿನ ವಿಧವೆಗೆ ಸಿಗಲಿಲ್ಲ. ಗೆಲ್ಲಲಾಗದ ಯುದ್ಧವನ್ನು ರಾಜಧಾನಿಯ ಬೀದಿಗಳಿಗೆ ಎಳೆದು ತರದಿರುವುದು ಹೇಡಿತನವೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ನಾಯಕರನ್ನು ಅಳೆಯುವಾಗ ಅವರ ಮಾತಿನ ಬಿರುಸನ್ನಲ್ಲ, ಆ ಮಾತಿಗೆ ನಾಳೆ ಬೆಲೆ ತೆರುವವರು ಯಾರು ಎಂಬುದನ್ನು ನಾವು ಕೇಳಬೇಕಾಗಿದೆ.