ಕಾಮನಬಿಲ್ಲನ್ನು ನುಂಗಿದ ಕಲ್ಲು



ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ದಾರಿಯಲ್ಲಿ, ಯಲ್ಲಾಪುರಕ್ಕೆ ಮುಂಚೆ, ಕಿರವತ್ತಿ ಎಂಬ ಊರು ಸಿಗುತ್ತದೆ. ಆ ಸೀಮೆಯ ತೇಗದ ಕಾಡಿನಂಚಿನಲ್ಲಿ ನವಿಲು ಕತ್ತು ಹೊರಳಿಸುವುದನ್ನು ಕಂಡವರಿಗೆ ನಾನಿಂದು ಹೇಳಹೊರಟ ಕಲ್ಲಿನ ಅರ್ಧ ಕಥೆ ತಿಳಿದಂತೆಯೇ ಸರಿ. ಈ ಕ್ಷಣ ನೀಲಿ, ಮರುಕ್ಷಣ ಹಸುರು. ಬೆಳಕು ತಪ್ಪಿದರೆ ಬರಿಯ ಕಪ್ಪು. ನವಿಲಿನ ಗರಿಯಲ್ಲಿ ನೀಲಿಯ ದ್ರವ್ಯವೆಂಬುದೇ ಇಲ್ಲ. ಲ್ಯಾಬ್ರಡೊರೈಟ್ ಎಂಬ ಕಲ್ಲಿನ ನೀಲಿಯೂ ಅಂಥದೇ.

1770ರ ಸುಮಾರಿಗೆ ಕೆನಡದ ಲ್ಯಾಬ್ರಡಾರ್ ಕರಾವಳಿಯಲ್ಲಿ ಕ್ರೈಸ್ತ ಮತಪ್ರಚಾರಕರ ಕಣ್ಣಿಗೆ ಬಿದ್ದ ಈ ಶಿಲೆಗೆ ಆ ನಾಡಿನ ಹೆಸರೇ ನಿಂತಿತು. ಉತ್ತರದ ಆಕಾಶದಲ್ಲಿ ಕುಣಿಯುವ ಬೆಳಕು ಬಂಡೆಯೊಳಗೆ ಸೆರೆಸಿಕ್ಕಿತ್ತೆಂದೂ, ವೀರನೊಬ್ಬನು ಈಟಿಯಿಂದ ಇರಿದು ಬಿಡಿಸಿದನೆಂದೂ, ಬಿಡಿಸಲಾರದೆ ಉಳಿದ ಬೆಳಕೇ ಈ ಕಲ್ಲೆಂದೂ ಒಂದು ಕಥೆ. ಕಲ್ಲನ್ನು ಕೈಯಲ್ಲಿ ಹಿಡಿದು ಹೊರಳಿಸಿದವರಿಗೆ ಅದು ಸುಳ್ಳೆನಿಸದು.

ಇದರ ಬೆಡಗಿಗೆ ಮನಸೋತವರಲ್ಲಿ ಸರ್ ಸಿ. ವಿ. ರಾಮನ್ನರೂ ಒಬ್ಬರು. 1933ರಲ್ಲಿ ಬೆಂಗಳೂರಿಗೆ ಬಂದ ಅವರು ಮೊದಲು ಚಿಪ್ಪುಗಳ ಹೊಳಪನ್ನೂ, ಅನಂತರ, 1950ರಲ್ಲಿ, ಎ. ಜಯರಾಮನ್ನರೊಡನೆ ಈ ಕಲ್ಲನ್ನೂ ಕುರಿತು ಪ್ರಬಂಧ ಬರೆದರು. ಇಂದು ತಿಳಿದಿರುವುದಿಷ್ಟು: ಶಿಲಾರಸ ಹೆಪ್ಪುಗಟ್ಟಿ ಬಹು ಮೆಲ್ಲನೆ ಆರುವಾಗ ಹರಳಿನೊಳಗೆ ಸುಣ್ಣದಂಶ ಹೆಚ್ಚಾದುದೊಂದು, ಸೋಡದಂಶ ಹೆಚ್ಚಾದುದೊಂದು, ಹೀಗೆ ಪದರಗಳು ಏರ್ಪಡುತ್ತವೆ. ಒಂದೊಂದರ ದಪ್ಪ ತಲೆಗೂದಲಿನ ಸುಮಾರು ಸಾವಿರದಲ್ಲೊಂದು ಪಾಲು. ಪದರ ಪದರದಿಂದ ಮರಳುವ ಬೆಳಕಿನ ಅಲೆಗಳು ಕೂಡಿ ಬಣ್ಣವಾಗುತ್ತವೆ. ತೆಳುವಾದ ಪದರಗಳಿಂದ ನೀಲಿ, ದಪ್ಪನೆಯವುಗಳಿಂದ ಕೆಂಪು.

ನಮ್ಮ ವೇದಾಂತಿಗಳಿಗೆ ಸ್ಫಟಿಕದ ದೃಷ್ಟಾಂತ ಬಹು ಪ್ರಿಯ. ಪಕ್ಕದಲ್ಲಿ ದಾಸವಾಳವನ್ನಿಟ್ಟರೆ ಸ್ಫಟಿಕ ಕೆಂಪಾಗಿ ತೋರುತ್ತದೆ. ಹೂವನ್ನು ತೆಗೆದರೆ ಮತ್ತೆ ನಿರ್ಮಲ. ಕೆಂಪು ಯಾರದೆಂದು ಅಲ್ಲಿ ಸುಲಭವಾಗಿ ಹೇಳಬಹುದು. ಇಲ್ಲಿಯೋ, ಪಕ್ಕದಲ್ಲಿ ಹೂವಿಲ್ಲ, ಕಲ್ಲಿನಲ್ಲಿಯೂ ಬಣ್ಣವಿಲ್ಲ. ಕಲ್ಲು, ಬೆಳಕು, ನೋಡುವ ಕಣ್ಣು, ಈ ಮೂರೂ ತಕ್ಕ ಕೋನದಲ್ಲಿ ಕೂಡಿದಾಗ ಮಾತ್ರ ನೀಲಿ ಮೂಡುತ್ತದೆ. ತ್ರಿಪುಟಿಯೆಂಬ ಮಾತಿಗೆ ಇದಕ್ಕಿಂತ ಚೆಲುವಾದ ನಿದರ್ಶನ ನನಗೆ ಹೊಳೆಯದು. ವಿಜ್ಞಾನ ಬಿಡಿಸಿ ಹೇಳಿದ ಮಾತ್ರಕ್ಕೆ ಬೆರಗು ಕುಗ್ಗಿತೆನ್ನುವವರ ಮಾತನ್ನೂ ನಾನು ಒಪ್ಪಲಾರೆ.

ಒಂದು ಮಾತನ್ನು ಮಾತ್ರ ಕಟುವಾಗಿ ಹೇಳಬೇಕಾಗಿದೆ. ಮುತ್ತಿಗೆ ಚಂದ್ರ, ವೈಡೂರ್ಯಕ್ಕೆ ಕೇತುವೆಂದು ಹಂಚಿದ ನವರತ್ನಗಳ ಪಂಕ್ತಿಯಲ್ಲಿ ಈ ಕಲ್ಲಿಗೆ ಸ್ಥಾನವಿಲ್ಲ. ಆದರೂ ದೃಷ್ಟಿ ತಗುಲದಂತೆ ಕಾಯುವುದೆಂದು ಹೇಳಿ ಇದನ್ನು ಮಾರುವವರುಂಟು. ಕಷ್ಟದಲ್ಲಿರುವವರೇ ಸಾಲ ಮಾಡಿ ಕೊಳ್ಳುವವರು. ಚೆಲುವಿಗಾಗಿ ಕೊಳ್ಳುವುದಾದರೆ ಕೊಳ್ಳಬಹುದು. ಇದು ಸ್ಫಟಿಕಕ್ಕಿಂತ ಮೆದು, ಪೆಟ್ಟು ಬಿದ್ದರೆ ಸೀಳುತ್ತದೆ; ಉಂಗುರಕ್ಕಿಂತ ಪದಕಕ್ಕೆ ಕೂರಿಸುವುದು ಲೇಸು.