ಹರಕೆ ಹೊತ್ತ ತಾಯಂದಿರೂ ವಾರ್ಡಿನ ನಾವೂ



ಈ ವಿಚಾರ ಸಂಕಿರಣದ ವಿಷಯ ಮಗುವಿನ ಗಂಭೀರ ಕಾಯಿಲೆ ಮತ್ತು ಹೆತ್ತವರ ನಂಬಿಕೆ. ವೈದ್ಯರ ಸಭೆಗಳಲ್ಲಿ ನಂಬಿಕೆ ಎಂದೊಡನೆ ಮಾತು ಮೌಢ್ಯದ ಕಡೆಗೆ ಹೊರಳುತ್ತದೆ: ತಾಯಿತ ಕಟ್ಟಿಸಿದರು, ನಾಟಿ ಔಷಧಿ ಕೊಡಿಸಿದರು, ತಡವಾಗಿ ಬಂದರು. ಅದು ಸುಳ್ಳಲ್ಲ. ಆದರೆ ಆಸ್ಪತ್ರೆಗೆ ಬಂದ ಮೇಲೆ ವರ್ಷಗಟ್ಟಲೆ ನಮ್ಮೊಂದಿಗೆ ನಿಲ್ಲುವ ಬಲ ಅವರಿಗೆ ಎಲ್ಲಿಂದ ಬರುತ್ತದೆ ಎಂದು ನಾವು ಕೇಳುವುದು ಅಪರೂಪ. ಇಂದು ಅದನ್ನು ಕೇಳೋಣ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರನ್ನೇ ತೆಗೆದುಕೊಳ್ಳುತ್ತೇನೆ. ಒಂದು ಕಾಲದಲ್ಲಿ ಈ ಕಾಯಿಲೆ ಬಂದ ಮಗು ಕೆಲವೇ ವಾರಗಳಲ್ಲಿ, ಹೆಚ್ಚೆಂದರೆ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿತ್ತು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಎಂಬ ಔಷಧವನ್ನು 16 ಮಕ್ಕಳಿಗೆ ಕೊಟ್ಟ ವರದಿ ಪ್ರಕಟಿಸಿದರು. ಹತ್ತು ಮಕ್ಕಳು ಚೇತರಿಸಿಕೊಂಡರು, ತಾತ್ಕಾಲಿಕವಾಗಿ. ಆ ಔಷಧದ ಹಿಂದೆ ಇದ್ದದ್ದು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಅದೇ ಜಾತಿಯ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ನಮ್ಮ ಮಕ್ಕಳು ಇಂದಿಗೂ ವಾರಕ್ಕೊಮ್ಮೆ ನುಂಗುತ್ತಾರೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಿದ್ದಾರೆ. ಜಗತ್ತಿನಾದ್ಯಂತ ಇಂಥ ಮಕ್ಕಳಲ್ಲಿ ನೂರಕ್ಕೆ ಕನಿಷ್ಠ 60 ಮಂದಿಯಾದರೂ ಬದುಕಬೇಕು, ಅದೂ 2030ರೊಳಗೆ, ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇಟ್ಟುಕೊಂಡ ಗುರಿ.

ಮಕ್ಕಳು ಹೀಗೆ ಗುಣವಾಗತೊಡಗಿದ್ದರಿಂದ ನಂಬಿಕೆಯ ಕೆಲಸವೇ ಬದಲಾಯಿತು ಎಂಬುದು ನನ್ನ ವಾದ. ಹಿಂದೆ ಅದು ಮಗುವನ್ನು ಕಳಿಸಿಕೊಡಲು ಬೇಕಾದ ಧೈರ್ಯವಾಗಿತ್ತು. ಈಗ ಅದು ಎರಡು ಮೂರು ವರ್ಷದ ಚಿಕಿತ್ಸೆಯನ್ನು ನಡುವೆ ಬಿಡದೆ ಮುಗಿಸುವ ತಾಳ್ಮೆ. ಮೊದಲ ತಿಂಗಳು ಕಳೆಯುತ್ತಲೇ ಎಷ್ಟೋ ಮಕ್ಕಳು ಆಡಲು ಶುರುಮಾಡುತ್ತಾರೆ. ‘ಹುಷಾರಾಯ್ತಲ್ಲ, ಇನ್ನೂ ಯಾಕೆ ಸೂಜಿ?’ ಎನ್ನುತ್ತಾರೆ ಮನೆಯ ಹಿರಿಯರು. ರಕ್ತದಲ್ಲಿ ಕಾಣದಂತೆ ಉಳಿದಿರುವ ರೋಗವನ್ನು ನಂಬಿ, ಬಸ್ ಹತ್ತಿ, ಕೂಲಿ ಕಳೆದುಕೊಂಡು ಬರುವುದು ಸಣ್ಣ ಮಾತಲ್ಲ. ಅರ್ಧಕ್ಕೆ ಬಿಟ್ಟವರಲ್ಲಿ ನಂಬಿಕೆ ಸಾಲದಾಯಿತು ಎಂದು ಮಾತ್ರ ಯಾರೂ ಹೇಳಬೇಡಿ. ಅನೇಕರಿಗೆ ಸಾಲದಾದದ್ದು ಹಣ.

ಒಬ್ಬ ತಾಯಿಯ ಮಾತು ಹೇಳುತ್ತೇನೆ. ಮಗ ಗುಣವಾದರೆ ಧರ್ಮಸ್ಥಳದಲ್ಲಿ ಮುಡಿ ಕೊಡಿಸುತ್ತೇನೆಂದು ಆಕೆ ಹರಸಿಕೊಂಡಿದ್ದಳು. ಕೀಮೋ ಶುರುವಾಗಿ ಕೂದಲೆಲ್ಲ ಉದುರಿತು. ‘ಸ್ವಾಮಿಗೆ ಅಂತ ಬಿಟ್ಟ ಕೂದಲು ಸಿಸ್ಟರ್, ದಿಂಬಿನ ಮೇಲೆ ಬಿದ್ದೋಯ್ತು’ ಎಂದು ಅತ್ತಳು. ಹರಕೆ ತಪ್ಪಿತು, ಇನ್ನು ಮಗ ಉಳಿಯುವುದಿಲ್ಲ ಎಂಬ ಭಯ ಅದು. ಹಿರಿಯ ದಾದಿಯೊಬ್ಬರು ಪಕ್ಕದಲ್ಲಿ ಕೂತು, ‘ಮತ್ತೆ ಬರುತ್ತಮ್ಮ ಕೂದಲು. ಪೂರ್ತಿ ಬೆಳೆದ ಮೇಲೆ ಕೊಡು. ರಕ್ತದ ಕೌಂಟ್ ಏರೋವರೆಗೆ ಜಾತ್ರೆ, ಜನಜಂಗುಳಿ ಬೇಡ’ ಎಂದರು. ಅಂದಿನಿಂದ ಆ ಹರಕೆ ಚಿಕಿತ್ಸೆಯ ಕೊನೆಗೆ ಹೋಗಿ ಕೂತಿತು. ಮಾತ್ರೆ ಮುಗಿಸದೆ ಹರಕೆ ತೀರಿಸುವಂತಿರಲಿಲ್ಲ. ಯಾವ ಕರಪತ್ರವೂ ಮಾಡಲಾಗದ ಕೆಲಸವನ್ನು ಆ ಒಂದು ಮಾತು ಮಾಡಿತು.

ಆಕೆಯ ಪ್ರಾರ್ಥನೆಯೂ ಕ್ರಮೇಣ ಬದಲಾಯಿತು. ಮೊದಲು ಮಗನನ್ನು ಉಳಿಸಿಕೊಡು ಎನ್ನುತ್ತಿದ್ದವಳು ಆಮೇಲೆ ಇವತ್ತು ಜ್ವರ ಬಾರದಿರಲಿ ಎನ್ನತೊಡಗಿದಳು. ಇನ್ನೂ ಸ್ವಲ್ಪ ದಿನಕ್ಕೆ ಪಕ್ಕದ ಹಾಸಿಗೆಯ ಹುಡುಗಿಯ ಹೆಸರನ್ನೂ ಸೇರಿಸಿಕೊಂಡಳು. ಹೊಸದಾಗಿ ಬಂದ ತಾಯಂದಿರಿಗೆ ಮಾತ್ರೆ ಕೊಡುವ ಹೊತ್ತು, ನೀರು ಕುದಿಸುವ ರೀತಿ ಕಲಿಸಿದಳು. ಕಷ್ಟ ಮನುಷ್ಯನ ಕಣ್ಣು ತೆರೆಸುತ್ತದೆ ಎಂದು ಸುಖವಾಗಿರುವವರು ಹೇಳಬಾರದು. ಆದರೆ ಇದನ್ನು ನಾನು ಕಂಡಿದ್ದೇನೆ.

ಎಲ್ಲರಿಗೂ ಹೀಗಾಗುವುದಿಲ್ಲ. ‘ಯಾವ ಜನ್ಮದ ಪಾಪವೋ’ ಎಂಬ ಮಾತು ಎಷ್ಟೋ ತಾಯಂದಿರನ್ನು ಒಳಗೇ ತಿನ್ನುತ್ತದೆ. ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಕಾಲಿಟ್ಟದ್ದನ್ನು ನೆನೆದು ಕೊರಗುವವರಿದ್ದಾರೆ. ಅಮೆರಿಕದ ಯಹೂದಿ ಧರ್ಮಗುರು ಹೆರಾಲ್ಡ್ ಕುಶ್ನರ್ ಅವರ ಮಗ ಆರನ್, ಅಕಾಲ ಮುಪ್ಪು ತರುವ ಪ್ರೊಜೀರಿಯಾದಿಂದ 1977ರಲ್ಲಿ ಹದಿನಾಲ್ಕರ ವಯಸ್ಸಿಗೆ ತೀರಿಕೊಂಡ. 1981ರಲ್ಲಿ ಬಂದ ಪುಸ್ತಕದಲ್ಲಿ ಆ ತಂದೆ, ಕಾಯಿಲೆಯನ್ನು ಕಳಿಸುವವನು ದೇವರಲ್ಲ, ಅದನ್ನು ತಾಳಿಕೊಳ್ಳುವ ಶಕ್ತಿ ಕೊಡುವವನು ದೇವರು ಎಂದು ವಾದಿಸಿದರು. ಎಲ್ಲವನ್ನೂ ತಡೆಯಲಾಗದ ದೇವರನ್ನು ನಮ್ಮ ತಾಯಂದಿರಲ್ಲಿ ಅನೇಕರು ಒಪ್ಪಲಾರರು. ಒಪ್ಪಿಸುವುದು ನಮ್ಮ ಕೆಲಸವೂ ಅಲ್ಲ. ನಮ್ಮ ಕೆಲಸ ಇಷ್ಟು: ‘ನೀನು ತಿಂದದ್ದರಿಂದ, ಮಾಡಿದ್ದರಿಂದ ಇದು ಬಂದದ್ದಲ್ಲ’ ಎಂಬುದನ್ನು ಗಂಡನ, ಅತ್ತೆಯ ಎದುರಿಗೇ, ಒಂದು ಸಲವಲ್ಲ ಹತ್ತು ಸಲ ಹೇಳುವುದು.

ಇನ್ನು ಮಗು. ಸಾವಿನ ಸಮೀಪವಿದ್ದ ಮಕ್ಕಳಿಗೆ ತಮ್ಮ ಸ್ಥಿತಿ ಯಾರೂ ಹೇಳದೆಯೇ ಗೊತ್ತಿತ್ತು, ಹೆತ್ತವರು ನೊಂದಾರೆಂದು ಅವರೇ ಮುಚ್ಚಿಡುತ್ತಿದ್ದರು ಎಂಬುದನ್ನು ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್ ಲ್ಯಾಂಗ್ನರ್ 1978ರಲ್ಲೇ ಬರೆದರು. ದೊಡ್ಡವರ ನಂಬಿಕೆಯ ಬಗ್ಗೆ ಇಷ್ಟು ಮಾತಾಡುವ ನಾವು ಮಗು ಯಾರನ್ನು ನಂಬಿದೆ ಎಂದು ಕೇಳುವುದಿಲ್ಲ.

ಮಗು ದಾಖಲಾದಾಗ ನಾವು ತುಂಬಿಸಿಕೊಳ್ಳುವ ಹಾಳೆಯಲ್ಲಿ ಧರ್ಮಕ್ಕೊಂದು ಕಲಂ ಇರುತ್ತದೆ. ಏನು ಹರಕೆ ಹೊತ್ತಿದ್ದೀರಿ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಮಗುವಿಗೆ ಏನೆಂದು ಹೇಳಿದ್ದೀರಿ ಎಂಬುದಕ್ಕೆ ಜಾಗವಿಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ದಾದಿಯರೂ ಸಮಾಜ ಕಾರ್ಯಕರ್ತರೂ ಒಟ್ಟಿಗೆ ಕೂತು ಈ ಮೂರು ಪ್ರಶ್ನೆಗಳನ್ನು ನಮ್ಮ ಊರಿನ ಮಾತಿನಲ್ಲಿ ಬರೆದು, ಸಂಜೆಯೊಳಗೆ ಸಭೆಯ ಮುಂದಿಡಬೇಕೆಂದು ಕೇಳಿಕೊಳ್ಳುತ್ತೇನೆ.