ಮಾತಿಗೆ ಅಂಕಿತ ಬೇಕು



ನಮ್ಮ ಕಡೆ ‘ಮೂಗರ್ಜಿ’ ಎಂಬ ಮಾತುಂಟು. ಬರೆದವನ ಹೆಸರಿಲ್ಲದ ಅರ್ಜಿ ಅದು. ಹೆಸರಿಗೆ ಮೂಗ, ಆದರೆ ಅದು ಆಡುವಷ್ಟು ಕೆಟ್ಟ ಮಾತನ್ನು ಬಾಯಿದ್ದವರು ಆಡಲಾರರು. ಹೆಣ್ಣು ನೋಡಿ, ಎರಡೂ ಕಡೆ ಒಪ್ಪಿಗೆಯಾಗಿ, ಇನ್ನೇನು ವೀಳ್ಯ ಬದಲಾಯಿಸಬೇಕು ಎನ್ನುವಾಗ ಗಂಡಿನ ಮನೆಗೆ ಒಂದು ಕಾಗದ ಬರುತ್ತದೆ. ಹುಡುಗಿಯ ನಡತೆ ಸರಿಯಿಲ್ಲ ಎಂದು ಬರೆದಿರುತ್ತದೆ. ಬರೆದವರಾರು? ತಿಳಿಯದು. ಏನು ಕಂಡು ಬರೆದರು? ಕೇಳೋಣವೆಂದರೆ ಆಳೇ ಇಲ್ಲ. ಮದುವೆ ನಿಂತುಹೋಗುತ್ತದೆ. ಆ ಹೆಣ್ಣುಮಗಳು ಉತ್ತರ ಕೊಡಬೇಕೆಂದರೂ ಯಾರ ಮುಂದೆ ನಿಂತು ಕೊಡಬೇಕು? ಈಗಂತೂ ಅಂಚೆಯ ಖರ್ಚೂ ಉಳಿಯಿತು. ಸುಳ್ಳು ಹೆಸರಿಟ್ಟುಕೊಂಡು ಮೊಬೈಲಿನಲ್ಲಿ ನಾಲ್ಕು ಸಾಲು ಬರೆದರೆ ಅರಕಲಗೂಡಿನ ಮನೆಯ ಮಾನ ಅರ್ಧ ಗಳಿಗೆಯಲ್ಲಿ ಹೊಳೆನರಸೀಪುರದಲ್ಲಿ ಹೋಗಿರುತ್ತದೆ.

ಹಾಗಾದರೆ ಸ್ವಂತ ಹೆಸರು ಹೇಳದೆ ಮಾತನಾಡುವುದೇ ತಪ್ಪೆ? ಇದನ್ನು ಸ್ವಲ್ಪ ವಿಚಾರ ಮಾಡಿ ನೋಡೋಣ.

ಹನ್ನೆರಡನೆಯ ಶತಮಾನದ ನಮ್ಮ ಶರಣರು ವಚನದ ಕೊನೆಯಲ್ಲಿ ಹೆಚ್ಚಾಗಿ ತಮ್ಮ ಹೆಸರನ್ನು ಇಡಲಿಲ್ಲ. ಬಸವಣ್ಣನವರು ಕೂಡಲಸಂಗಮದೇವ ಎಂದರು. ಅಲ್ಲಮಪ್ರಭುಗಳು ಗುಹೇಶ್ವರ ಎಂದರು. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನ ಎಂದಳು. ತಮ್ಮ ಹೆಸರನ್ನೇ ಇಟ್ಟ ಅಂಬಿಗರ ಚೌಡಯ್ಯನಂಥವರು ಕೆಲವರು. ಆದರೆ ಈ ಅಂಕಿತ ಮರೆಯಲ್ಲಿ ನಿಲ್ಲುವುದಕ್ಕೆ ಕಟ್ಟಿಕೊಂಡ ಪರದೆಯಾಗಿರಲಿಲ್ಲ. ಈ ಅಂಕಿತ ಯಾರದೆಂದು ಗೋಷ್ಠಿಗೆಲ್ಲ ಗೊತ್ತಿತ್ತು. ಇಂದು ಒಂದು, ನಾಳೆ ಇನ್ನೊಂದು ಎಂದು ಬದಲಾಯಿಸುವಂತಿರಲಿಲ್ಲ, ಬಾಳಿನುದ್ದಕ್ಕೂ ಅದೇ. ದೇವರ ಹೆಸರಿಟ್ಟು ಆಡಿದ ಮಾತಿಗೆ ದೇವರ ಮುಂದೆಯೂ ಹೊಣೆ, ಜನರ ಮುಂದೆಯೂ ಹೊಣೆ. ಅಂಥ ಮಾತಿಗೆ ಬೆಲೆ ಬಂದುದು ಆ ಹೊಣೆಯಿಂದ.

ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲಾಗಿ ಸಂಪಾದಿಸಿದ ಶೂನ್ಯಸಂಪಾದನೆಯನ್ನು ನೋಡಿ. ಕಲ್ಯಾಣಕ್ಕೆ ಬಂದ ಅಕ್ಕನನ್ನು ಪ್ರಭುದೇವರು ಎಷ್ಟು ಕಠಿಣವಾಗಿ ಪ್ರಶ್ನಿಸುತ್ತಾರೆ! ನಿನ್ನ ಪತಿ ಯಾರು ಎಂದು ಕೇಳುತ್ತಾರೆ. ಉಡುಗೆ ಬಿಟ್ಟವಳಿಗೆ ಕೂದಲಿನ ಮರೆಯೇಕೆ ಎಂದು ಕೇಳುತ್ತಾರೆ. ಇದಕ್ಕಿಂತ ಬಿರುಸಾದ ಮಾತುಂಟೆ? ಆದರೆ ಪ್ರಶ್ನೆ ಕೇಳಿದವರು ಎದುರಿಗೇ ಕುಳಿತಿದ್ದರು. ಉತ್ತರ ಬರುವವರೆಗೂ ಕುಳಿತಿದ್ದರು. ಉತ್ತರ ಸರಿಯೆನಿಸಿದಾಗ ತಲೆಬಾಗಿದರು. ಸೌಜನ್ಯವೆಂದರೆ ಸವಿಮಾತು ಮಾತ್ರವೆಂದು ಅನೇಕರು ತಿಳಿದಿದ್ದಾರೆ. ಕೇಳಿದ ಮೇಲೆ ಉತ್ತರಕ್ಕೆ ಕಾದು ಕೂಡುವುದೇ ಸೌಜನ್ಯದ ಮೂಲವೆಂದು ನಾವು ಹೇಳುತ್ತೇವೆ. ಮೂಗರ್ಜಿ ಬರೆದವನು ಕಲ್ಲೆಸೆದು ಓಡುತ್ತಾನೆ; ಅವನಿಗೆ ಉತ್ತರ ಬೇಕಾಗಿಯೇ ಇಲ್ಲ.

ನಮ್ಮ ಜಿಲ್ಲೆಯದೇ ಒಂದು ಉದಾಹರಣೆ. ಹಳೇಬೀಡಿನಲ್ಲಿ ಕ್ರಿ.ಶ. 1638ರ ಒಂದು ಶಾಸನವಿದೆ. ಅಲ್ಲಿಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವರೆಂಬುವರು ಲಿಂಗಮುದ್ರೆ ಒತ್ತಿದರು. ವಿಜಯಪ್ಪನೆಂಬುವನು ಅದನ್ನು ಅಳಿಸಿದನು. ಎರಡು ಮತಗಳ ನಡುವೆ ಬೆಂಕಿ ಹತ್ತುವುದಕ್ಕೆ ಇಷ್ಟು ಸಾಲದೆ? ಜೈನ ಸೆಟ್ಟರು ದೂರು ತಂದರು. ನಮ್ಮವರ ಮಹಾಮಹತ್ತಿನ ಹಿರಿಯರು ಕಲೆತು ಕುಳಿತರು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಆಮೇಲೆ ಬಸದಿಯ ಪೂಜೆ ಎಂದಿನಂತೆ ನಡೆಯಲಿ ಎಂದು ತೀರ್ಮಾನವಾಯಿತು. ಬಲವುಳ್ಳವರು ತಮ್ಮ ಮೇಲುಗೈಯನ್ನು ಉಳಿಸಿಕೊಂಡರೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೂ ಈ ಜೈನಧರ್ಮಕ್ಕೆ ಅಡ್ಡಿ ಮಾಡಿದವನು ಶಿವನಿಗೂ ಜಂಗಮಕ್ಕೂ ದ್ರೋಹಿಯೆಂದು ಅವರೇ ಕಲ್ಲಿನಲ್ಲಿ ಬರೆಸಿದರು. ಮುದ್ರೆ ಒತ್ತಿದವರು ಯಾರು, ಅಳಿಸಿದವರು ಯಾರು ಎಂಬುದು ಬೆಳಕಿನಲ್ಲಿತ್ತು. ಆದ್ದರಿಂದ ಜಗಳ ಅಷ್ಟಕ್ಕೇ ಮುಗಿಯಿತು. ರಾತ್ರಿ ಯಾರೋ ಒತ್ತಿ ಹೋದರೆಂದಿದ್ದರೆ ಊರೇ ಊರನ್ನು ಶಂಕಿಸುತ್ತಿತ್ತು.

ಹೆಸರಿಲ್ಲದ ಮಾತು ಏನು ಮಾಡಬಲ್ಲದೆಂಬುದನ್ನು 2018ರ ಜುಲೈ ತಿಂಗಳಲ್ಲಿ ಕಂಡೆವು. ಬೀದರ್ ಜಿಲ್ಲೆಯ ಮುರ್ಕಿ ಗ್ರಾಮ. ಬಸವಕಲ್ಯಾಣವಿರುವ ಜಿಲ್ಲೆಯೇ ಅದು. ಮಕ್ಕಳಿಗೆ ಚಾಕೊಲೇಟು ಕೊಟ್ಟ ಪರಸ್ಥಳದವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಸುದ್ದಿ ಹರಡಿತು. ಜನ ಕಾರನ್ನು ತಡೆದು ಹೊಡೆದರು. ಹೈದರಾಬಾದಿನ ಒಬ್ಬ ಯುವಕ ಪ್ರಾಣ ಬಿಟ್ಟನು. ಸುದ್ದಿ ನಿಜವೇ ಎಂದು ಕೇಳುವಷ್ಟು ಹೊತ್ತು ಯಾರೂ ನಿಲ್ಲಲಿಲ್ಲ. ಅದೇ ತಿಂಗಳು ಆ ಕಂಪನಿ ಒಂದು ಸಂದೇಶವನ್ನು ಒಂದು ಸಲಕ್ಕೆ 5 ಕಡೆಗಿಂತ ಹೆಚ್ಚಿಗೆ ದಾಟಿಸಬಾರದೆಂದು ನಮ್ಮ ದೇಶದಲ್ಲಿ ಮಿತಿಯನ್ನು ಸಾರಿತು. ಯಂತ್ರಕ್ಕೆ ಮಿತಿ ಹಾಕಬಹುದು. ಬೆರಳಿಗೆ ಮಿತಿ ಹಾಕುವವರು ಯಾರು?

ಇಲ್ಲಿ ಒಬ್ಬ ಬಡವ ಕೇಳಬಹುದು: “ಬುದ್ಧಿ, ಊರಿನ ದೊಡ್ಡವರು ಲಂಚ ತಿನ್ನುವುದನ್ನು ಹೆಸರು ಹಾಕಿ ಬರೆದರೆ ನಾನು ಊರಲ್ಲಿ ಬದುಕುವುದು ಹೇಗೆ?” ಇದು ನ್ಯಾಯವಾದ ಪ್ರಶ್ನೆ. 2004ರಲ್ಲಿ ಕೇಂದ್ರ ಸರ್ಕಾರ ಇದಕ್ಕೊಂದು ದಾರಿ ಮಾಡಿತು. ಕೇಂದ್ರದ ನೌಕರರ ಭ್ರಷ್ಟಾಚಾರವನ್ನು ಕಂಡವರು ಮುಚ್ಚಿದ ಲಕೋಟೆಯಲ್ಲಿ ಕೇಂದ್ರ ಜಾಗೃತ ಆಯೋಗಕ್ಕೆ ಬರೆಯಬಹುದು. ಲಕೋಟೆಯ ಮೇಲೆ ಹೆಸರು ಬೇಡ, ಒಳಗೆ ಇರಲೇಬೇಕು. ಆಯೋಗ ಆ ಹೆಸರನ್ನು ಗುಟ್ಟಾಗಿಡುತ್ತದೆ. ಹೆಸರೇ ಇಲ್ಲದ ದೂರನ್ನು ಕೈಗೆತ್ತಿಕೊಳ್ಳುವುದಿಲ್ಲ. ಇದರ ತಿರುಳನ್ನು ತಿಳಿದುಕೊಳ್ಳಿ. ಹೆಸರು ಊರಿಗೆಲ್ಲ ತಿಳಿಯಬೇಕಾಗಿಲ್ಲ. ಕೇಳಬೇಕಾದ ಒಬ್ಬರಿಗೆ ತಿಳಿದಿರಬೇಕು. ದುರ್ಬಲನಿಗೆ ಆ ಮರೆ ಧರ್ಮವೇ ಸರಿ. ದುರ್ಬಲನ ಮೇಲೆ ಕಲ್ಲೆಸೆಯುವುದಕ್ಕೆ ಅದೇ ಮರೆಯನ್ನು ಹಿಡಿದರೆ ಅದು ಅಧರ್ಮ.

ಆದುದರಿಂದ ಬಂಧುಗಳೇ, ಒಬ್ಬರ ವಿಷಯ ಬರೆಯುವ ಮುನ್ನ, ಬಂದ ಸುದ್ದಿಯನ್ನು ಮುಂದಕ್ಕೆ ದಾಟಿಸುವ ಮುನ್ನ, ಒಂದು ಕ್ಷಣ ನಿಮ್ಮ ಇಷ್ಟಲಿಂಗವನ್ನು ನೆನೆಯಿರಿ. ಇದರ ಕೆಳಗೆ ನನ್ನ ಅಂಕಿತ ಹಾಕಬಲ್ಲೆನೆ ಎಂದು ಕೇಳಿಕೊಳ್ಳಿರಿ. ಹಾಕಬಲ್ಲೆನೆಂದರೆ ಧೈರ್ಯವಾಗಿ ಆಡಿರಿ, ಉತ್ತರ ಬರುವವರೆಗೂ ಕುಳಿತಿರಿ. ಹಾಕಲಾರೆನೆಂದರೆ ಆ ಮಾತು ನಿಮ್ಮಲ್ಲಿಯೇ ಆರಿಹೋಗಲಿ. ಯಾವುದೋ ಮನೆಯ ಒಂದು ಹೆಣ್ಣುಮಗಳ ಮದುವೆ ಅಷ್ಟರಿಂದಲೇ ಉಳಿದೀತು.